ಹೆರಿಗೆ ನೋವಿಗೆ ಅಕ್ಯುಪ್ರೆಶರ್: ಕೆಲಸ ಮಾಡುವುದು ಬಿಂದುವೋ, ಕೈಯೋ?

ಬಸುರಿಗೆ ಎಂಟು ತುಂಬುತ್ತಿದ್ದಂತೆ ಮೈಸೂರಿನ ಮನೆಗಳಲ್ಲಿ ಸಲಹೆಗಳು ಶುರುವಾಗುತ್ತವೆ. ಆ ಸಲಹೆಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಅಕ್ಯುಪ್ರೆಶರ್ ಕೂಡ ಸೇರಿದೆ. ಕಾಲಿನ ಒಳಬದಿಯ ಹರಡಿನ ಮೇಲೆ ಒಂದು ಜಾಗ, ಹೆಬ್ಬೆರಳು ತೋರುಬೆರಳಿನ ನಡುವೆ ಇನ್ನೊಂದು, ಬೆನ್ನಿನ ಬುಡದಲ್ಲಿ ಮತ್ತೊಂದು: ಬೇನೆ ಬಂದಾಗ ಇವನ್ನು ಒತ್ತಿದರೆ ಸಾಕು, ನೋವು ಇಳಿಯುತ್ತದೆ, ಹೆರಿಗೆ ಬೇಗ ಆಗುತ್ತದೆ, ಇಂಜೆಕ್ಷನ್ನೂ ಬೇಡ ಸಿಸೇರಿಯನ್ನೂ ಬೇಡ ಎನ್ನುತ್ತಾರೆ. ಇಂಥ ಮಾತು ಈ ಊರಿನಲ್ಲಿ ಸುಲಭವಾಗಿ ಬೇರೂರುವುದು ಆಶ್ಚರ್ಯವಲ್ಲ. 1908ರಿಂದ ಇಲ್ಲಿ ಸರ್ಕಾರಿ ಆಯುರ್ವೇದ ಕಾಲೇಜಿದೆ, ಸರ್ಕಾರಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕಾಲೇಜಿದೆ, ಯೋಗ ಕಲಿಯಲೆಂದೇ ಗೋಕುಲಂಗೆ ಜಗತ್ತಿನ ನಾನಾ ಕಡೆಯಿಂದ ಜನ ಬರುತ್ತಾರೆ. ಮೈಯನ್ನು ಮೈಯೇ ವಾಸಿಮಾಡಿಕೊಳ್ಳುತ್ತದೆ ಎಂಬ ನಂಬಿಕೆಗೆ ಇಲ್ಲಿ ಗೌರವವಿದೆ, ಇರಲಿ ಎಂಬುದೇ ನನ್ನ ಅಪೇಕ್ಷೆ. ಆದರೆ ಅಕ್ಯುಪ್ರೆಶರ್ ವಿಚಾರದಲ್ಲಿ ನಾಲ್ಕು ಬೇರೆ ಬೇರೆ ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಲಾಗುತ್ತಿದೆ. ಒಂದಕ್ಕೆ ಸಿಕ್ಕ ಆಧಾರವನ್ನು ಉಳಿದ ಮೂರಕ್ಕೂ ಹಂಚಲಾಗುತ್ತಿದೆ. ಹೆರಿಗೆ ಕೋಣೆಯಲ್ಲಿ ಇದರ ಬೆಲೆ ತೆರುವವಳು ನೋವು ತಿನ್ನುವ ಹೆಂಗಸು.

ಮೊದಲು ಈ ನಂಬಿಕೆಯ ಪರವಾಗಿ ಹೇಳಬಹುದಾದದ್ದನ್ನು ಕಡಿಮೆ ಮಾಡದೆ ಹೇಳಬೇಕು. ಇದು ಬರೀ ಬಾಯಿಮಾತಿನ ಮೇಲೆ ನಿಂತದ್ದಲ್ಲ. ಹೆರಿಗೆಯಲ್ಲಿ ಹೆಚ್ಚಾಗಿ ಒತ್ತುವ ಬಿಂದುಗಳಿಗೆ ಅಂತರರಾಷ್ಟ್ರೀಯ ಗುರುತುಗಳಿವೆ: ಒಳಬದಿಯ ಹರಡಿನಿಂದ ನಾಲ್ಕು ಬೆರಳು ಮೇಲಿನದು ಎಸ್‌ಪಿ-6, ಕೈಮೇಲಿನದು ಎಲ್‌ಐ-4, ಬೆನ್ನಿನ ಬುಡದ ತ್ರಿಕಾಸ್ಥಿಯ ಮೇಲಿನದು ಬಿಎಲ್-32. ತೈವಾನ್, ಕೊರಿಯಾ, ಇರಾನ್, ಬ್ರೆಜಿಲ್ ದೇಶಗಳಲ್ಲಿ ಇವುಗಳ ಮೇಲೆ ಪ್ರಯೋಗಗಳು ನಡೆದಿವೆ. ನಮ್ಮ ನರ್ಸಿಂಗ್ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಿಗೂ ಇದು ಮೆಚ್ಚಿನ ವಿಷಯ. 2020ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಕಲೆಹಾಕಿ ವಿಮರ್ಶಿಸುವ ಕಾಕ್ರೇನ್ ಸಂಸ್ಥೆ ಅಕ್ಯುಪಂಕ್ಚರ್ ಮತ್ತು ಅಕ್ಯುಪ್ರೆಶರ್ ಎರಡನ್ನೂ ಸೇರಿಸಿ 28 ಪ್ರಯೋಗಗಳನ್ನು, 3,960 ಮಹಿಳೆಯರ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿತು. ಅಕ್ಯುಪ್ರೆಶರ್ ಪಡೆದವರು ನೋವಿಗೆ ಕೊಟ್ಟ ಅಂಕ ಒಟ್ಟಾರೆ ಕಡಿಮೆಯೇ ಇತ್ತು. ಸಿಸೇರಿಯನ್ ಕಡಿಮೆಯಾಗಬಹುದೆಂಬ ಸುಳಿವೂ ಕೆಲವು ಸಣ್ಣ ಪ್ರಯೋಗಗಳಿಂದ ಬಂತು. ಗಂಭೀರ ಅಪಾಯ ಕಾಣಲಿಲ್ಲ. ಖರ್ಚಿಲ್ಲ, ಯಂತ್ರ ಬೇಡ, ಯಾರು ಬೇಕಾದರೂ ಕಲಿಯಬಹುದು. ಇಷ್ಟು ಇರುವಾಗ "ಬೇಡ" ಎನ್ನುವವರೇ ಕಾರಣ ಕೊಡಬೇಕು ಎಂಬ ವಾದ ನ್ಯಾಯವಾದದ್ದು.

ಈಗ ಆ ನಾಲ್ಕು ಮಾತುಗಳನ್ನು ಬಿಡಿಸಿ ಇಡೋಣ.

1. ಬೇನೆ ತಿನ್ನುತ್ತಿರುವವಳ ಮೈಯನ್ನು ಒತ್ತಿದರೆ ಅವಳ ನೋವು ಸ್ವಲ್ಪ ಕಡಿಮೆಯಾಗುತ್ತದೆ.
2. ಹಾಗೆ ಕಡಿಮೆಯಾಗುವುದು ನಿರ್ದಿಷ್ಟ ಬಿಂದುವನ್ನು ಒತ್ತಿದ್ದರಿಂದ, ಬೇರೆಲ್ಲಿ ಒತ್ತಿದರೂ ಆಗುವುದಿಲ್ಲ.
3. ಆ ಬಿಂದುಗಳು ಪ್ರಾಣಶಕ್ತಿ ಹರಿಯುವ ನಾಡಿಗಳ ಮೇಲಿವೆ; ನಮ್ಮ ಮರ್ಮಶಾಸ್ತ್ರವೂ ಇದನ್ನೇ ಹೇಳಿದೆ.
4. ಆದ್ದರಿಂದ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ಮುಂತಾದ ನೋವು ನಿವಾರಣೆಯ ಬದಲಿಗೆ ಇದೇ ಸಾಕು.

ಒಂದನೆಯದಕ್ಕೆ ಆಧಾರವಿದೆ. ಎರಡನೆಯದಕ್ಕೆ ಇದೆಯೇ ಎಂದು ಕೇಳಿದಾಗ ಗೊಂದಲ ತೆರೆದುಕೊಳ್ಳುತ್ತದೆ. ಕಾಕ್ರೇನ್ ವಿಮರ್ಶೆಯ ಅಂಕಿಗಳನ್ನೇ ನೋಡಿ. ಸೊನ್ನೆಯಿಂದ ಹತ್ತರ ಮಾಪಕದಲ್ಲಿ, ಮಾಮೂಲಿ ಆರೈಕೆಗೆ ಹೋಲಿಸಿದರೆ ಅಕ್ಯುಪ್ರೆಶರ್‌ನಿಂದ ನೋವು ಸುಮಾರು 1.07 ಅಂಕ ಇಳಿಯಿತು (8 ಪ್ರಯೋಗ, 620 ಮಹಿಳೆಯರು). ಬಿಂದುವಲ್ಲದ ಕಡೆ ಒತ್ತುವ ಅಥವಾ ಸುಮ್ಮನೆ ಮುಟ್ಟುವ "ಹುಸಿ ಅಕ್ಯುಪ್ರೆಶರ್"ಗೆ ಹೋಲಿಸಿದರೆ 1.93 ಅಂಕ ಇಳಿಯಿತು (6 ಪ್ರಯೋಗ, 472 ಮಹಿಳೆಯರು). ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ಯೋಚಿಸಿ. ಏನೂ ಮಾಡದಿರುವುದಕ್ಕಿಂತ ಸಿಗುವ ಲಾಭ, ಹುಸಿಯಾಗಿ ಏನೋ ಮಾಡುವುದಕ್ಕಿಂತ ಸಿಗುವ ಲಾಭದಷ್ಟಾದರೂ ಇರಬೇಕಲ್ಲವೇ? ಇಲ್ಲಿ ತಿರುಗುಮುರುಗಾಗಿದೆ. ಹುಸಿ ಒತ್ತುವಿಕೆ ಏನೂ ಮಾಡದಿರುವುದಕ್ಕಿಂತ ಹೆಚ್ಚು ನೋವು ಕೊಡುತ್ತದೆ ಎಂದು ಯಾರೂ ಹೇಳಲಾರರು. ಅಂದರೆ ಪ್ರಯೋಗಗಳು ಒಂದಕ್ಕೊಂದು ಹೊಂದುವುದಿಲ್ಲ, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಬೇರೆ ಬೇರೆ ಸಂಗತಿಗಳನ್ನು ಅಳೆದಿವೆ. ವಿಮರ್ಶಕರು ಈ ಎರಡೂ ಫಲಿತಾಂಶಗಳ ಖಚಿತತೆಯನ್ನು "ತೀರಾ ಕಡಿಮೆ" ದರ್ಜೆಯಲ್ಲಿಟ್ಟಿದ್ದು ಸುಮ್ಮನೆ ಅಲ್ಲ. ಸ್ವಲ್ಪ ಗಟ್ಟಿಯಾದ ಆಧಾರವೆಂದು ಅವರು ಒಪ್ಪಿದ ಹೋಲಿಕೆಯಲ್ಲಿ, ಅಂದರೆ ಹುಸಿ ಮತ್ತು ಮಾಮೂಲಿ ಆರೈಕೆಯ ಗುಂಪುಗಳನ್ನು ಸೇರಿಸಿ ನೋಡಿದ 2 ಪ್ರಯೋಗಗಳಲ್ಲಿ, ಇಳಿದದ್ದು 0.42 ಅಂಕ. ಹತ್ತರಲ್ಲಿ ಅರ್ಧ ಅಂಕವೂ ಅಲ್ಲ.

ಅಂಕಿಗಳನ್ನು ಬಿಟ್ಟು ಒಂದು ಪ್ರಯೋಗದ ರಚನೆಯನ್ನೇ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಕ್ಯುಪ್ರೆಶರ್ ಪರವಾಗಿ ಪದೇ ಪದೇ ಉಲ್ಲೇಖವಾಗುವುದು 2004ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನ. 75 ಮಹಿಳೆಯರು, ಎರಡು ಗುಂಪು. ಒಂದು ಗುಂಪಿಗೆ ಎಸ್‌ಪಿ-6ನ್ನು ಅರ್ಧ ಗಂಟೆಯ ಕಾಲ, ಬೇನೆ ಬಂದಾಗಲೆಲ್ಲ ಒತ್ತಿದರು. ಇನ್ನೊಂದು ಗುಂಪಿಗೆ ಅದೇ ಎಸ್‌ಪಿ-6ನ್ನು ಒತ್ತದೆ ಸುಮ್ಮನೆ ಮುಟ್ಟಿದರು. ಒತ್ತಿಸಿಕೊಂಡವರಿಗೆ ನೋವು ಕಡಿಮೆಯಾಯಿತು, ಹೆರಿಗೆಯ ಅವಧಿಯೂ ತಗ್ಗಿತು. ಫಲಿತಾಂಶವನ್ನು ಇದ್ದಂತೆಯೇ ಒಪ್ಪೋಣ. ಅದು ಹೇಳುವುದೇನು? ಎರಡೂ ಗುಂಪಿನಲ್ಲಿ ಬಿಂದು ಒಂದೇ, ವ್ಯತ್ಯಾಸವಿದ್ದದ್ದು ಒತ್ತಡದಲ್ಲಿ. ಬಲವಾಗಿ ಒತ್ತಿದರೆ ಹಗುರವಾಗಿ ಮುಟ್ಟಿದ್ದಕ್ಕಿಂತ ಒಳ್ಳೆಯದು ಎಂದಷ್ಟೇ ಅದರಿಂದ ಸಿದ್ಧವಾಗುತ್ತದೆ. ಆ ಜಾಗವೇ ವಿಶೇಷವೆಂದು ಸಿದ್ಧವಾಗಬೇಕಾದರೆ ಅಷ್ಟೇ ಬಲವಾಗಿ, ಅಷ್ಟೇ ಹೊತ್ತು, ಅಷ್ಟೇ ಭರವಸೆಯ ಮಾತಿನೊಂದಿಗೆ ಬೇರೊಂದು ಕಡೆ ಒತ್ತಿ ನೋಡಬೇಕು. ಒತ್ತುವವರಿಗೂ ಅಂಕ ಬರೆದುಕೊಳ್ಳುವವರಿಗೂ ಯಾವುದು ನಿಜವಾದ ಬಿಂದುವೆಂದು ತಿಳಿದಿರಬಾರದು. ಇದು ಕಷ್ಟದ ಕೆಲಸ, ಏಕೆಂದರೆ ಒತ್ತುವವರು ಸಾಮಾನ್ಯವಾಗಿ ಆ ವಿದ್ಯೆಯಲ್ಲಿ ನಂಬಿಕೆಯಿಟ್ಟು ಕಲಿತವರೇ ಆಗಿರುತ್ತಾರೆ. ಅವರ ನಂಬಿಕೆ ಅವರ ಮುಖದಲ್ಲಿ, ದನಿಯಲ್ಲಿ ಕಾಣುತ್ತದೆ. ನೋವಿನಲ್ಲಿರುವವರು ಅದನ್ನು ಬೇಗ ಓದಿಕೊಳ್ಳುತ್ತಾರೆ.

ಶರೀರಶಾಸ್ತ್ರವೂ ಬಿಂದುವಿಗಿಂತ ಒತ್ತಡದ ಪರವಾಗಿದೆ. ಹೆರಿಗೆಯ ಮೊದಲ ಘಟ್ಟದಲ್ಲಿ ಗರ್ಭಕೋಶ ಮತ್ತು ಅದರ ಬಾಯಿಯಿಂದ ಹೊರಡುವ ನೋವು ಬೆನ್ನುಹುರಿಯನ್ನು ಸೇರುವುದು ಎದೆಯ ಭಾಗದ ಹತ್ತನೇ ನರದಿಂದ ಸೊಂಟದ ಮೊದಲ ನರದವರೆಗಿನ ಮಟ್ಟದಲ್ಲಿ. ಮಗು ಕೆಳಗಿಳಿಯುವಾಗ ತ್ರಿಕಾಸ್ಥಿಯ ನರಗಳೂ ಸೇರಿಕೊಳ್ಳುತ್ತವೆ. ಬೆನ್ನಿನ ಬುಡವನ್ನು ಅಂಗೈಯಿಂದ ಅದುಮಿದಾಗ ಹಿತವಾಗುವುದಕ್ಕೆ ಇದರಿಂದ ಅರ್ಥ ಸಿಗುತ್ತದೆ. 1965ರಲ್ಲಿ ಮೆಲ್ಝ್ಯಾಕ್ ಮತ್ತು ವಾಲ್ ಮಂಡಿಸಿದ "ದ್ವಾರ" ಸಿದ್ಧಾಂತದ ಪ್ರಕಾರ ಸ್ಪರ್ಶ, ಒತ್ತಡಗಳ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂಕೇತವನ್ನು ತಡೆಯಬಲ್ಲವು. ಆದರೆ ಕೈಮೇಲಿನ ಎಲ್‌ಐ-4 ಕತ್ತಿನ ನರಗಳ ವ್ಯಾಪ್ತಿಯಲ್ಲಿದೆ. ಗರ್ಭಕೋಶದ ನೋವಿಗೂ ಅದಕ್ಕೂ ಬೆನ್ನುಹುರಿಯ ಮಟ್ಟದಲ್ಲಿ ನೆಂಟಸ್ತಿಕೆಯಿಲ್ಲ. ಅಲ್ಲಿ ಒತ್ತಿದರೂ ನೋವು ಇಳಿಯುವುದಾದರೆ ಕಾರಣ ಇಡೀ ದೇಹಕ್ಕೆ ಅನ್ವಯಿಸುವಂಥದ್ದಿರಬೇಕು: ಒಂದು ಕಡೆಯ ಬಲವಾದ ನೋವು ಇನ್ನೊಂದು ಕಡೆಯ ನೋವನ್ನು ಅಡಗಿಸುವ ಮಿದುಳಿನ ವ್ಯವಸ್ಥೆ, ಗಮನ ಬೇರೆಡೆ ತಿರುಗುವುದು, ಮೈಯೊಳಗೆ ಸ್ರವಿಸುವ, ನೋವು ತಗ್ಗಿಸುವ ಎಂಡಾರ್ಫಿನ್‌ಗಳು. ಇವು ಯಾವುವೂ ಜಾಗವನ್ನು ಕೇಳುವುದಿಲ್ಲ. ದೂರದ ಬಿಂದುವಿನಿಂದಲೂ ಫಲವಿದೆ ಎಂಬುದನ್ನು ಬಿಂದುವಿನ ಮಹಿಮೆಗೆ ಸಾಕ್ಷಿಯೆಂದು ತೋರಿಸುವವರು, ಅದೇ ಸಾಕ್ಷಿ ಬಿಂದು ಮುಖ್ಯವಲ್ಲ ಎಂಬ ಕಡೆಗೂ ವಾಲುತ್ತದೆ ಎಂಬುದನ್ನು ಗಮನಿಸುತ್ತಿಲ್ಲ.

ಮೂರನೆಯ ಮಾತು ನಮ್ಮ ಕಡೆಯದೇ ಸೇರ್ಪಡೆ. ಚೀನಾದ ಬಿಂದುಗಳೂ ನಮ್ಮ ಮರ್ಮಗಳೂ ಒಂದೇ, ಸುಶ್ರುತ ಇದನ್ನೆಲ್ಲ ಎಂದೋ ಹೇಳಿದ್ದ ಎಂಬ ಮಾತನ್ನು ಆಯುರ್ವೇದದ ಬಗ್ಗೆ ಅಭಿಮಾನವಿರುವ ಊರಿನಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಅಭಿಮಾನವಿರುವವರು ಸುಶ್ರುತ ಸಂಹಿತೆಯ ಶಾರೀರಸ್ಥಾನವನ್ನು ತೆರೆದು ನೋಡಬೇಕು. ಅಲ್ಲಿ 107 ಮರ್ಮಗಳಿವೆ. ಅವುಗಳನ್ನು ವಿಂಗಡಿಸಿರುವುದು, ಅಲ್ಲಿ ಪೆಟ್ಟು ಬಿದ್ದರೆ ಏನಾಗುತ್ತದೆ ಎಂಬುದರ ಮೇಲೆ: ತಕ್ಷಣ ಪ್ರಾಣ ತೆಗೆಯುವವು, ಕಾಲಾಂತರದಲ್ಲಿ ಪ್ರಾಣ ತೆಗೆಯುವವು, ನೆಟ್ಟ ಬಾಣದಂಥ ಶಲ್ಯವನ್ನು ಕಿತ್ತರೆ ಪ್ರಾಣ ಹೋಗುವಂಥವು, ಊನ ಮಾಡುವವು, ನೋವು ಕೊಡುವವು. ಅದು ಶಸ್ತ್ರವೈದ್ಯನಿಗೆ ಕೊಟ್ಟ ಎಚ್ಚರಿಕೆಯ ಪಟ್ಟಿ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ, ಎಲ್‌ಐ-4ಕ್ಕೆ ಬಹುಮಟ್ಟಿಗೆ ಹೊಂದುವ ಜಾಗದಲ್ಲಿ ಸುಶ್ರುತ ಗುರುತಿಸುವುದು ಕ್ಷಿಪ್ರ ಮರ್ಮವನ್ನು. ಅಲ್ಲಿ ಗಾಯವಾದರೆ ಸೆಳವು ಬಂದು ಸಾವು ಎನ್ನುತ್ತಾನೆ. ನೋವು ಶಮನದ ಮಾತು ಅಲ್ಲಿಲ್ಲ. ಎರಡು ಪರಂಪರೆಗಳು ಒಂದೇ ಜಾಗಕ್ಕೆ ಇಷ್ಟು ಬೇರೆಯಾದ ಅರ್ಥ ಕೊಟ್ಟಿರುವಾಗ, ಒಂದನ್ನು ಇನ್ನೊಂದರ ಸಾಕ್ಷಿಯಾಗಿ ಕರೆತರುವುದು ಎರಡಕ್ಕೂ ಮಾಡುವ ಅನ್ಯಾಯ. ಮುಂದಿನ ಕಾಲದಲ್ಲಿ ಮರ್ಮಚಿಕಿತ್ಸೆ ಬೇರೆ ರೀತಿಯಲ್ಲಿ ಬೆಳೆದಿರಬಹುದು. ಅದನ್ನು ಅದರದೇ ಆಧಾರದ ಮೇಲೆ ಪರೀಕ್ಷಿಸಬೇಕು.

ಅಕ್ಯುಪ್ರೆಶರ್ ನಂಬಿಕೆಯೊಳಗೆ ಇನ್ನೊಂದು ಎಳೆದಾಟವಿದೆ. ಬಸುರಿನ ಮೊದಲ ತಿಂಗಳುಗಳಲ್ಲಿ ಎಸ್‌ಪಿ-6, ಎಲ್‌ಐ-4 ಮುಟ್ಟಲೇಬಾರದು, ಗರ್ಭ ಇಳಿದೀತು ಎನ್ನುತ್ತಾರೆ. ಹೆರಿಗೆಯ ಹೊತ್ತಿಗೆ ಅದೇ ಬಿಂದುಗಳು "ಯಾವ ಅಡ್ಡಪರಿಣಾಮವೂ ಇಲ್ಲದ" ಉಪಾಯವಾಗುತ್ತವೆ. ಗರ್ಭಕೋಶವನ್ನು ಕೆರಳಿಸುವಷ್ಟು ಶಕ್ತಿ ಅವಕ್ಕಿದ್ದರೆ, ಔಷಧಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಇದಕ್ಕೂ ಕೇಳಬೇಕು: ಎಷ್ಟು ಹೊತ್ತು, ಯಾರಿಗೆ ಬೇಡ, ಮಗುವಿನ ಎದೆಬಡಿತದ ಮೇಲೆ ಏನು ಪರಿಣಾಮ. ಅಷ್ಟು ಶಕ್ತಿ ಇಲ್ಲವಾದರೆ ಆ ಹೆದರಿಕೆಯೂ ಬೇಡ, "ಹೆರಿಗೆ ಬೇಗ ಆಗುತ್ತದೆ" ಎಂಬ ಭರವಸೆಯೂ ಬೇಡ. 2017ರ ಇನ್ನೊಂದು ಕಾಕ್ರೇನ್ ವಿಮರ್ಶೆ ಹೆರಿಗೆ ಬರಿಸಲು ಅಕ್ಯುಪಂಕ್ಚರ್, ಅಕ್ಯುಪ್ರೆಶರ್ ಎಷ್ಟು ನೆರವಾಗುತ್ತವೆ ಎಂದು ನೋಡಿತ್ತು. 22 ಪ್ರಯೋಗಗಳ ನಂತರವೂ ಸಿಸೇರಿಯನ್ ಕಡಿಮೆಯಾಗುತ್ತದೆ ಎಂಬುದಕ್ಕೆ ಸ್ಪಷ್ಟ ಆಧಾರ ಸಿಗಲಿಲ್ಲ. ತಾರೀಖು ದಾಟಿದೆ, ಡಾಕ್ಟರು ಕರೆದಿದ್ದಾರೆ, ಆದರೂ ಇನ್ನೆರಡು ದಿನ ಒತ್ತಿ ನೋಡೋಣ ಎಂದು ಮನೆಯಲ್ಲಿ ಕಾಯುವವರಿಗೆ ಇದು ತಿಳಿದಿರಬೇಕು.

ನಾಲ್ಕನೆಯ ಮಾತಿನಿಂದ ನೇರ ಹಾನಿಯಿದೆ. ನಮ್ಮಲ್ಲಿ "ಪೇನ್‌ಲೆಸ್ ಡೆಲಿವರಿ" ಎಂದು ಕರೆಯುವ ಎಪಿಡ್ಯೂರಲ್ ಬಗ್ಗೆ ಮನೆಮನೆಯಲ್ಲಿರುವ ಭಯ ಎರಡು: ಜೀವನಪೂರ್ತಿ ಬೆನ್ನುನೋವು ಉಳಿಯುತ್ತದೆ, ಮತ್ತು ಕೊನೆಗೆ ಸಿಸೇರಿಯನ್ನೇ ಆಗುತ್ತದೆ. 2018ರಲ್ಲಿ ಪರಿಷ್ಕೃತವಾದ ಕಾಕ್ರೇನ್ ವಿಮರ್ಶೆ 40 ಪ್ರಯೋಗಗಳ, 11,000ಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ನೋಡಿದೆ. ಸಿಸೇರಿಯನ್ ಪ್ರಮಾಣದಲ್ಲಾಗಲಿ ದೀರ್ಘಕಾಲದ ಬೆನ್ನುನೋವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ರಕ್ತದೊತ್ತಡ ಇಳಿಯುವುದು, ಜ್ವರ, ಮೂತ್ರ ಕಟ್ಟುವುದು, ಕೊನೆಯ ಘಟ್ಟ ಉದ್ದವಾಗುವುದು ಇವೆಲ್ಲ ಇವೆ, ಅವನ್ನು ಮುಚ್ಚಿಡಬಾರದು. ಆದರೆ ನೋವನ್ನು ನಿಜವಾಗಿ ತೆಗೆಯುವ ಉಪಾಯವನ್ನು, ಅರ್ಧ ಅಥವಾ ಒಂದೆರಡು ಅಂಕ ತಗ್ಗಿಸಬಹುದಾದ ಉಪಾಯದ ಪಕ್ಕದಲ್ಲಿ ನಿಲ್ಲಿಸಿ, "ಇದು ಸಹಜ, ಅದು ಕೃತಕ" ಎಂಬ ಒಂದೇ ಮಾತಿನಿಂದ ಎರಡನೆಯದನ್ನು ಆರಿಸುವುದು ವಿವೇಕವಲ್ಲ. ಆ ಆಯ್ಕೆ ಮಾಡುವವರು ನೋವು ತಿನ್ನುವವಳಲ್ಲದೆ ಅತ್ತೆ, ಅಮ್ಮ, ಗಂಡ ಆಗಿದ್ದಾಗಲಂತೂ ಅದು ಅವಿವೇಕಕ್ಕಿಂತ ಹೆಚ್ಚಿನದು. ಹೆಣ್ಣಾದ ಮೇಲೆ ಇಷ್ಟು ನೋವು ತಡೆದುಕೊಳ್ಳಲೇಬೇಕು ಎಂಬ ಹಳೆಯ ಅಪ್ಪಣೆ "ಸಹಜ" ಎಂಬ ಮಾತಿನೊಳಗೆ ಸದ್ದಿಲ್ಲದೆ ಉಳಿದುಕೊಂಡಿದೆ. ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್ ಬೇಡ ಎಂದು ಯಾವ ಮನೆಯೂ ಹಟ ಹಿಡಿಯುವುದಿಲ್ಲ.

ಇನ್ನು ಆಕ್ಷೇಪಗಳು. ಬಲವಾದದ್ದು ಆಸ್ಟ್ರೇಲಿಯಾದಿಂದ ಬರುತ್ತದೆ. 2016ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗವೊಂದರಲ್ಲಿ ಚೊಚ್ಚಲ ಹೆರಿಗೆಯ 176 ಮಹಿಳೆಯರಿದ್ದರು. ಹೆರಿಗೆ ಸಿದ್ಧತೆಯ ಎರಡು ದಿನದ ತರಬೇತಿ ಪಡೆದವರಲ್ಲಿ ಎಪಿಡ್ಯೂರಲ್ ಬೇಕಾದವರು ಶೇ. 23.9, ಪಡೆಯದವರಲ್ಲಿ ಶೇ. 68.7. ಸಿಸೇರಿಯನ್ ಶೇ. 18.2, ಇನ್ನೊಂದು ಕಡೆ ಶೇ. 32.5. ದೊಡ್ಡ ವ್ಯತ್ಯಾಸ, ಮತ್ತು ಆ ತರಬೇತಿಯಲ್ಲಿ ಅಕ್ಯುಪ್ರೆಶರ್ ಇತ್ತು. ಆದರೆ ಅದರ ಜೊತೆಗೆ ಉಸಿರಾಟ, ಯೋಗದ ಭಂಗಿಗಳು, ಮಸಾಜ್, ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುವ ಅಭ್ಯಾಸ, ಜೊತೆಗಾರನಿಗೆ ಪಾಠ ಎಲ್ಲವೂ ಇದ್ದವು. ಇಷ್ಟರಲ್ಲಿ ಕೆಲಸ ಮಾಡಿದ್ದು ಯಾವುದು ಎಂದು ಆ ಪ್ರಯೋಗ ಹೇಳಲಾರದು, ಹೇಳುವ ಉದ್ದೇಶವೂ ಅದಕ್ಕಿರಲಿಲ್ಲ. ಹೆರಿಗೆಯಲ್ಲಿ ಏನಾಗುತ್ತದೆ ಎಂದು ಮೊದಲೇ ತಿಳಿದಿರುವುದು, ಪಕ್ಕದಲ್ಲಿ ಏನು ಮಾಡಬೇಕೆಂದು ಗೊತ್ತಿರುವ ಒಬ್ಬರು ಇರುವುದು ಬಹಳ ದೊಡ್ಡ ಸಂಗತಿ ಎಂಬುದಕ್ಕೆ ನಾನು ಅದನ್ನು ಸಾಕ್ಷಿಯಾಗಿ ಓದುತ್ತೇನೆ.

ಎರಡನೆಯ ಆಕ್ಷೇಪ: ಬರೀ ನಂಬಿಕೆಯಿಂದಲೇ ನೋವು ಇಳಿದರೂ ಇಳಿದದ್ದು ನಿಜ ತಾನೇ? ನಿಜ. ನಂಬಿಕೆಯಿಂದ ಇಳಿಯುವ ನೋವು ಸುಳ್ಳಲ್ಲ. ಎಂಡಾರ್ಫಿನ್‌ಗಳನ್ನು ತಡೆಯುವ ನಲಾಕ್ಸೋನ್ ಕೊಟ್ಟರೆ ಪ್ಲಸೀಬೊದ, ಅಂದರೆ ಹುಸಿ ಔಷಧಿಯ, ಹಿತವೂ ಕುಂದುತ್ತದೆಂದು 1978ರಷ್ಟು ಹಿಂದೆಯೇ ಪ್ರಯೋಗವೊಂದು ತೋರಿಸಿತ್ತು. ಒತ್ತುವುದಕ್ಕೆ ನನ್ನ ಆಕ್ಷೇಪವಿಲ್ಲ. ಒತ್ತಿದರೂ ನೋವು ಇಳಿಯದವಳ ಗತಿಯೇನು ಎಂಬುದು ನನ್ನ ಪ್ರಶ್ನೆ. ಬಿಂದು ಶಾಸ್ತ್ರೋಕ್ತ, ಒತ್ತಿದವರು ನುರಿತವರು, ಎಲ್ಲರಿಗೂ ಕೆಲಸ ಮಾಡುತ್ತದೆ ಎಂದು ಹೇಳಿಯಾಗಿದೆ. ಹಾಗಿದ್ದರೂ ಕಿರುಚಿದವಳಲ್ಲೇ ಏನೋ ಕೊರತೆ ಎಂದಾಗುತ್ತದೆ. ಮಾಡಿದ ಭರವಸೆಯ ತೂಕವನ್ನು ಆಗ ಅವಳೇ ಹೊರಬೇಕು.

ಮೂರನೆಯದು ನಮ್ಮ ಸೂಲಗಿತ್ತಿಯರ ಮಾತು. ಆಸ್ಪತ್ರೆ ಬರುವ ಮೊದಲು ಹಳೇ ಮೈಸೂರಿನ ಹಳ್ಳಿಗಳಲ್ಲಿ ಸೊಂಟಕ್ಕೆ ಹರಳೆಣ್ಣೆ ಸವರಿ, ಬೆನ್ನ ಬುಡ ಅದುಮಿ ಹೆರಿಗೆ ಮಾಡಿಸಿದವರು ಅವರೇ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಆ ಕೈಗಳಿಗೆ ತಲೆಬಾಗಿತು. ಅವರ ಅನುಭವವನ್ನು ಅಕ್ಯುಪ್ರೆಶರ್‌ನ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಅಕ್ಯುಪ್ರೆಶರ್‌ನಲ್ಲಿ ಎಲ್ಲಿ ಒತ್ತಬೇಕೆಂದು ನಕ್ಷೆ ಹೇಳುತ್ತದೆ. ಸೂಲಗಿತ್ತಿಗೆ ಅದನ್ನು ಹೇಳುತ್ತಿದ್ದವಳು ಹೆರುವವಳು: ಇಲ್ಲಿ, ಇನ್ನೂ ಕೆಳಗೆ, ಇನ್ನೂ ಗಟ್ಟಿಯಾಗಿ, ಈಗ ಬೇಡ. ಅವಳು ರಾತ್ರಿಯಿಡೀ ಪಕ್ಕದಲ್ಲೇ ಇರುತ್ತಿದ್ದಳು. ಈ ಎರಡು ಗುಣಗಳನ್ನು, ಅಂದರೆ ಹೆರುವವಳ ಮಾತಿನಂತೆ ನಡೆಯುವುದು ಮತ್ತು ಬಿಟ್ಟು ಹೋಗದಿರುವುದನ್ನು, ಯಾವ ಬಿಂದುವಿನ ನಕ್ಷೆಯೂ ತುಂಬಿಕೊಡಲಾರದು. ಸೂಲಗಿತ್ತಿಯ ಕಾಲದಲ್ಲಿ ತಾಯಂದಿರು ರಕ್ತಸ್ರಾವದಿಂದ, ಸೋಂಕಿನಿಂದ ಸಾಯುತ್ತಿದ್ದುದನ್ನು ಮರೆತು ಇದನ್ನು ಹೇಳುತ್ತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಅದು ನಾವು ಗಳಿಸಿದ್ದು. ಅದೇ ಸಮೀಕ್ಷೆ ಸಿಸೇರಿಯನ್ ಶೇ. 31.5ಕ್ಕೆ ಏರಿದ್ದನ್ನೂ ದಾಖಲಿಸಿದೆ. ಆದರೆ ಆಸ್ಪತ್ರೆಗೆ ಬರುವ ದಾರಿಯಲ್ಲಿ ಪಕ್ಕದಲ್ಲಿ ಕೂರುವವಳನ್ನು ನಾವು ಹೊರಗೆ ನಿಲ್ಲಿಸಿ ಬಂದೆವು.

ಕೊನೆಯ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಎಚ್.ಡಿ. ಕೋಟೆಯಲ್ಲೋ ಪಿರಿಯಾಪಟ್ಟಣದಲ್ಲೋ ರಾತ್ರಿ ಎರಡು ಗಂಟೆಗೆ ಎಪಿಡ್ಯೂರಲ್ ಕೊಡಲು ಅರಿವಳಿಕೆ ತಜ್ಞರು ಎಲ್ಲಿ? ಅಂಥ ಕಡೆ ಆಯ್ಕೆ ಅಕ್ಯುಪ್ರೆಶರ್ ಮತ್ತು ಎಪಿಡ್ಯೂರಲ್ ನಡುವೆ ಇಲ್ಲ, ಏನಾದರೊಂದು ಮತ್ತು ಏನೂ ಇಲ್ಲದಿರುವುದರ ನಡುವೆ ಇದೆ. ಆಗ ಒತ್ತಲಿ, ಖಂಡಿತ ಒತ್ತಲಿ. ಆದರೆ ಇಲ್ಲಿಯೇ ಪ್ರಯೋಗಗಳ "ಮಾಮೂಲಿ ಆರೈಕೆ" ಎಂಬ ಮಾತಿಗೆ ಮರಳಬೇಕು. ಆ ಗುಂಪಿನಲ್ಲಿದ್ದ ಮಹಿಳೆಯರಿಗೆ ಸಿಕ್ಕಿದ್ದೇನು? ಕಿಕ್ಕಿರಿದ ಲೇಬರ್ ವಾರ್ಡಿನಲ್ಲಿ ಮಾಮೂಲಿ ಆರೈಕೆ ಎಂದರೆ ಆಗಾಗ ಬಂದು ಎಷ್ಟು ತೆರೆದಿದೆ ಎಂದು ನೋಡಿ ಹೋಗುವುದು. ಅಂಥ ಒಂಟಿತನದ ಎದುರು, ಅರ್ಧ ಗಂಟೆ ಪಕ್ಕದಲ್ಲಿ ಕೂತು ಕಾಲು ಹಿಡಿದುಕೊಳ್ಳುವ ಯಾವ ಉಪಾಯವೂ ಗೆಲ್ಲುತ್ತದೆ. ಅಕ್ಯುಪ್ರೆಶರ್ ಗೆದ್ದ ಅಂತರದಲ್ಲಿ ನಮ್ಮ ಮಾಮೂಲಿ ಆರೈಕೆಯ ಬಡತನದ ಪಾಲೆಷ್ಟು ಎಂದು ಆ ಅಂಕಿಗಳಿಂದ ತಿಳಿಯುವುದಿಲ್ಲ. ಪಕ್ಕದಲ್ಲಿ ಒಬ್ಬರು ನಿರಂತರವಾಗಿ ಇರುವುದರ ಬಗ್ಗೆಯಾದರೋ ಆಧಾರ ಇದಕ್ಕಿಂತ ಬಹಳ ದೊಡ್ಡದು: 2017ರ ಕಾಕ್ರೇನ್ ವಿಮರ್ಶೆಯಲ್ಲಿ 26 ಪ್ರಯೋಗಗಳ 15,858 ಮಹಿಳೆಯರಿದ್ದರು. ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಔಷಧಿಯ ಅಗತ್ಯ ಕಡಿಮೆ, ಹೆರಿಗೆಯ ಅವಧಿಯೂ ತುಸು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ 56 ಶಿಫಾರಸುಗಳಲ್ಲಿ ಹೆರುವವಳು ಆರಿಸಿದ ಜೊತೆಗಾರರು ಇದ್ದಾರೆ, ಮಸಾಜ್ ಮತ್ತು ಬಿಸಿ ಶಾಖ ಇದೆ, ಕೇಳಿದವರಿಗೆ ಎಪಿಡ್ಯೂರಲ್ಲೂ ಇದೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿ ಅಕ್ಯುಪ್ರೆಶರನ್ನು ಆಸ್ಪತ್ರೆಯವರು ತಾವಾಗಿ ಕೊಡುವುದು ಬೇಡ, ಬೇಕೆನ್ನುವವರನ್ನು ತಡೆಯುವುದೂ ಬೇಡ ಎಂದಿತು. ನನಗೆ ಅದು ನ್ಯಾಯವಾದ ನಿಲುವಾಗಿ ಕಾಣುತ್ತದೆ.

ನಮ್ಮ ಸರ್ಕಾರದ ನಿಯಮವೂ ಅಡ್ಡಿಯಾಗಿಲ್ಲ. ಸಾರ್ವಜನಿಕ ಆಸ್ಪತ್ರೆಗಳಲ್ಲಿ ಹೆರಿಗೆ ಜೊತೆಗಾರರಿಗೆ ಕೇಂದ್ರ ಸರ್ಕಾರ 2016ರಲ್ಲೇ ಅವಕಾಶ ಕೊಟ್ಟಿತು. ಹೆರಿಗೆಯ ಅನುಭವವಿರುವ ಹೆಂಗಸು ಇರಬಹುದು. ಮರೆಯ ವ್ಯವಸ್ಥೆಯಿದ್ದರೆ ಗಂಡನೂ ಇರಬಹುದು. ಹೆರಿಗೆ ಕೋಣೆಗಳ ಗುಣಮಟ್ಟ ಹೆಚ್ಚಿಸಲು 2017ರ ಡಿಸೆಂಬರ್‌ನಲ್ಲಿ ಶುರುವಾದ "ಲಕ್ಷ್ಯ" ಕಾರ್ಯಕ್ರಮವೂ ಇದನ್ನೇ ಕೇಳುತ್ತದೆ. ಇದಕ್ಕೆ ಬೇಕಾದದ್ದು ಮಂಚಗಳ ನಡುವೆ ಪರದೆ, ಕೂರಲು ಒಂದು ಸ್ಟೂಲು, ಒಂಬತ್ತನೇ ತಿಂಗಳ ತಪಾಸಣೆಗೆ ಬಂದಾಗ ಜೊತೆಗಾರ್ತಿಗೂ ಸ್ವಲ್ಪ ಹೊತ್ತಿನ ಪಾಠ.

ಬಿಂದುವಿನ ಪ್ರಶ್ನೆಯನ್ನು ಬಗೆಹರಿಸಲು ಮೈಸೂರಿಗಿಂತ ತಕ್ಕ ಊರು ಕಡಿಮೆ. ಮೆಡಿಕಲ್ ಕಾಲೇಜಿನ ಅಧೀನದಲ್ಲಿ, ಸುತ್ತಲ ಜಿಲ್ಲೆಗಳಿಂದಲೂ ಹೆರಿಗೆಗೆ ಬರುವ ಚೆಲುವಾಂಬ ಆಸ್ಪತ್ರೆಯಿದೆ. ಆಯುರ್ವೇದ, ಪ್ರಕೃತಿ ಚಿಕಿತ್ಸೆ, ನರ್ಸಿಂಗ್ ಕಾಲೇಜುಗಳು ಇದೇ ಊರಿನಲ್ಲಿವೆ. ಒಪ್ಪಿಗೆ ಕೊಟ್ಟ ಮಹಿಳೆಯರನ್ನು ಚೀಟಿ ಎತ್ತಿ ಮೂರು ಗುಂಪು ಮಾಡಲಿ. ಮೂರರಲ್ಲೂ ಜೊತೆಗಾರ್ತಿ ಪಕ್ಕದಲ್ಲಿರಲಿ, ಬೇಕೆಂದಾಗ ಔಷಧಿಯೂ ಸಿಗಲಿ. ಮೊದಲ ಗುಂಪಿನ ಜೊತೆಗಾರ್ತಿಗೆ ಎಸ್‌ಪಿ-6 ಒತ್ತಲು ಕಲಿಸಲಿ. ಎರಡನೆಯ ಗುಂಪಿನವಳಿಗೆ ಹೆರುವವಳು ತೋರಿಸಿದಲ್ಲಿ, ಅವಳು ಹೇಳಿದಷ್ಟು ಬಲವಾಗಿ ಅದುಮಲು ಕಲಿಸಲಿ. ಮೂರನೆಯವಳು ಕೈ ಹಿಡಿದು ಕೂರಲಿ. ಯಾರು ಯಾವ ಗುಂಪು ಎಂದು ತಿಳಿಯದ ಇನ್ನೊಬ್ಬರು ನೋವಿನ ಅಂಕ ಬರೆದುಕೊಳ್ಳಲಿ. ಮೊದಲ ಗುಂಪು ಎರಡನೆಯದಕ್ಕಿಂತ ಸ್ಪಷ್ಟವಾಗಿ ಮುಂದಿದ್ದರೆ ಬಿಂದುವಿಗೆ ತನ್ನದೇ ಬಲವಿದೆ ಎಂದು ಒಪ್ಪುತ್ತೇನೆ, ಮೇಲೆ ಬರೆದ ಎರಡನೆಯ ಮಾತಿನ ವಿರುದ್ಧದ ನನ್ನ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ. ಎರಡೂ ಸಮನಾಗಿ ಬಂದರೆ ಜೊತೆಗಾರ್ತಿಯರಿಗೆ ನಕ್ಷೆ ಕಲಿಸುವ ಅಗತ್ಯವಿಲ್ಲ. ಹೆರುವವಳನ್ನು ಕೇಳಿ ಒತ್ತಲು ಕಲಿಸಿದರೆ ಸಾಕು.